ಸಾಲ ತೀರಿಸಲು ಹೊರಟ ಸವಾರಿಗಾಡಿ

ನಮ್ಮ ಹಳ್ಳಿಗಳ ಅನುಕೂಲಸ್ಥ ರೈತರ ಮನೆಗಳಲ್ಲಿ ಹಿಂದೆ ಎರಡು ಬಗೆಯ ಗಾಡಿಗಳಿರುತ್ತಿದ್ದುವು. ಒಂದು, ಗೊಬ್ಬರ ಹೇರುವ, ಹುಲ್ಲು ತರುವ, ಮೂಟೆಗಳನ್ನು ಸಂತೆಗೆ ಸಾಗಿಸುವ ಭಾರದ ಗಾಡಿ. ಮತ್ತೊಂದು, ಜಾತ್ರೆಗೋ ಮದುವೆಗೋ ನೆಂಟರ ಮನೆಗೋ ಹೊರಟಾಗ ಮಾತ್ರ ಹೊರಗೆ ತೆಗೆಯುವ ಹಗುರವಾದ ಸವಾರಿಗಾಡಿ. ಗಾಡಿಗಳು ಎರಡಾದರೂ ಎತ್ತುಗಳು ಮಾತ್ರ ಒಂದೇ ಜೋಡಿ. ವಾರವೆಲ್ಲ ಹೊಲ ಉತ್ತ ಆ ಎತ್ತುಗಳಿಗೇ ಮೈ ತೊಳೆದು, ಕೊರಳಿಗೆ ಗೆಜ್ಜೆಸರ ಕಟ್ಟಿ, ಸವಾರಿಗಾಡಿಗೆ ಹೂಡಿದರೆ ಅವುಗಳ ನಡೆಯೇ ಬೇರೆಯಾಗುತ್ತಿತ್ತು. ಎರಡನೆಯ ಮಹಾಯುದ್ಧದ ತರುವಾಯ ಇಂಗ್ಲೆಂಡಿನಿಂದ ಹೊರಟು ಸಾಗರದಾಚೆಯ ಜನರನ್ನು ಮರುಳುಮಾಡಿದ ಎಂ. ಜಿ. ಎಂಬ ಸ್ಪೋರ್ಟ್ಸ್ ಕಾರಿನ ಚರಿತ್ರೆಯನ್ನು ಓದುವಾಗಲೆಲ್ಲ ನನಗೆ ಈ ಸವಾರಿಗಾಡಿಯೇ ಕಣ್ಣಮುಂದೆ ಬರುತ್ತದೆ.

ಸ್ಪೋರ್ಟ್ಸ್ ಕಾರು ಎಂದೊಡನೆ ಪಂದ್ಯದ ಮೈದಾನದಲ್ಲಿ ಸುತ್ತುವ ಭಯಂಕರ ವೇಗದ ಯಂತ್ರವನ್ನು ಓದುಗರು ಕಲ್ಪಿಸಿಕೊಳ್ಳಬೇಕಾಗಿಲ್ಲ. ಇಬ್ಬರು ಕೂರುವಷ್ಟು ಸ್ಥಳ, ಬೇಕೆಂದಾಗ ಮಡಿಚಿಡಬಹುದಾದ ಬಟ್ಟೆಯ ಹೊದಿಕೆ, ನೆಲಕ್ಕೆ ತಗ್ಗಿದ ಮೈ, ಕೈಯ ಅಲ್ಪ ಚಲನೆಗೂ ಒಡನೆಯೇ ಮರುನುಡಿಯುವ ಸ್ಟಿಯರಿಂಗ್ ಚಕ್ರ ಇಷ್ಟಿದ್ದರೆ ಸಾಕು. ಊರು ಸೇರುವುದಕ್ಕಿಂತ ದಾರಿಯಲ್ಲಿ ಸಾಗುವುದೇ ಅದರ ಪ್ರಯೋಜನ. ಹೀಗೆ ಕೇವಲ ಸಂತೋಷಕ್ಕಾಗಿ ಹುಟ್ಟಿದ ವಾಹನವೊಂದನ್ನು ಒಂದು ರಾಷ್ಟ್ರದ ಸಾಲದ ಬಂಡಿಗೆ ಹೂಡಿದರೆ ಏನಾಗುತ್ತದೆ? ಎಂ. ಜಿ. ಕಾರಿನ ಕಥೆ ಈ ಪ್ರಶ್ನೆಗೆ ಉತ್ತರದಂತಿದೆ. ಆದುದರಿಂದಲೇ ಅದು ವಾಹನಪ್ರಿಯರಿಗೆ ಮಾತ್ರ ಸೇರಿದ ಕಥೆಯಲ್ಲವೆಂದು ನಾನು ಭಾವಿಸುತ್ತೇನೆ.

ಎಂ. ಜಿ. ಎಂಬುವು ‘ಮಾರಿಸ್ ಗ್ಯಾರೇಜಸ್’ ಎಂಬ ಹೆಸರಿನ ಮೊದಲಕ್ಷರಗಳು. ಬೈಸಿಕಲ್ ದುರಸ್ತಿಯಿಂದ ಉದ್ಯೋಗವನ್ನಾರಂಭಿಸಿ, ಮುಂದೆ ಲಾರ್ಡ್ ನಫೀಲ್ಡ್ ಎಂದು ಪ್ರಸಿದ್ಧನಾದ ವಿಲಿಯಂ ಮಾರಿಸನು ಆಕ್ಸ್‌ಫರ್ಡ್ ನಗರದಲ್ಲಿ ನಡೆಸುತ್ತಿದ್ದ ಮಾರಾಟ ಹಾಗೂ ದುರಸ್ತಿಯ ಮಳಿಗೆ ಅದು. 1922ರಲ್ಲಿ ಸೆಸಿಲ್ ಕಿಂಬರ್ ಎಂಬಾತನು ಅದರ ವ್ಯವಸ್ಥಾಪಕನಾದನು. ಮಾರಿಸನ ಕಾರುಗಳು ಗಟ್ಟಿಯಾದವು, ಅಗ್ಗವಾದವು. ಆದರೆ ನೋಟಕ್ಕೆ ಸಪ್ಪೆ. ಕಿಂಬರನು ಅದೇ ಚಾಸಿಯನ್ನು ತೆಗೆದುಕೊಂಡು ಸ್ಪ್ರಿಂಗುಗಳನ್ನು ತಿದ್ದಿ, ಅದರ ಮೇಲೆ ಅಂದವಾದ ಹಗುರ ಮೈಯನ್ನು ಕೂರಿಸಿ, ಅಷ್ಟಕೋನದ ಮುದ್ರೆಯೊಳಗೆ ಎರಡಕ್ಷರಗಳನ್ನು ಬರೆಯಿಸಿ ಮಾರತೊಡಗಿದನು. 1928ರಲ್ಲಿ ಲಂಡನ್ನಿನ ಮೋಟಾರು ಪ್ರದರ್ಶನದಲ್ಲಿ ಕಾಣಿಸಿಕೊಂಡ ‘ಮಿಡ್ಜೆಟ್’ ಎಂಬ ಪುಟ್ಟ ಕಾರು ಈ ವಿದ್ಯೆಯ ಪರಾಕಾಷ್ಠೆ. ಅದರ ಎಂಜಿನ್ನು ಮಾರಿಸ್ ಮೈನರ್ ಎಂಬ ಸಂಸಾರಸ್ಥರ ಕಾರಿನ 847 ಘನ ಸೆಂಟಿಮೀಟರಿನ ಎಂಜಿನ್ನು. ಮೈಯಾದರೋ ಮರದ ಚೌಕಟ್ಟಿನ ಮೇಲೆ ಬಟ್ಟೆ ಹೊದಿಸಿ ದೋಣಿಯ ಬಾಲದಂತೆ ಹಿಂದಕ್ಕೆ ಚೂಪಾಗಿಸಿದ್ದು. ಶ್ರೀಮಂತರ ಸೊತ್ತಾಗಿದ್ದ ಸ್ಪೋರ್ಟ್ಸ್ ಕಾರು ಸಾಮಾನ್ಯ ಸಂಬಳಗಾರನ ಆಸೆಯ ಅಳತೆಗೆ ಇಳಿದು ಬಂದದ್ದು ಹೀಗೆ.

ಬೇಡಿಕೆ ಹೆಚ್ಚಿ ಆಕ್ಸ್‌ಫರ್ಡಿನಲ್ಲಿ ಜಾಗ ಸಾಲದಾಗಿ, 1929ರಲ್ಲಿ ಕಾರ್ಖಾನೆಯು ಅಲ್ಲಿಗೆ ಆರೇಳು ಮೈಲಿ ದೂರದ ಅಬಿಂಗ್ಡನ್ ಎಂಬ ಥೇಮ್ಸ್ ನದಿಯ ದಂಡೆಯ ಸಣ್ಣ ಊರಿಗೆ ಹೋಯಿತು. ಅಲ್ಲಿದ್ದ ಪಾವ್ಲೋವಾ ಎಂಬ ಚರ್ಮದ ಕಾರ್ಖಾನೆಯ ಬಳಕೆಯಿಲ್ಲದ ಕಟ್ಟಡಗಳೇ ಎಂ. ಜಿ.ಯ ಹೊಸ ಮನೆಯಾದುವು. ಈ ಕಾರ್ಖಾನೆಯ ಒಂದು ವೈಶಿಷ್ಟ್ಯವನ್ನು ಇಲ್ಲಿ ಹೇಳಬೇಕು. ಕಾರಿನ ಬಿಡಿಭಾಗಗಳಲ್ಲಿ ಬಹುಪಾಲು ಅಲ್ಲಿ ತಯಾರಾಗುತ್ತಿರಲಿಲ್ಲ. ಎಂಜಿನ್ನು ಒಂದೂರಿನಿಂದ, ಮೈ ಮತ್ತೊಂದೂರಿನಿಂದ ಬರುತ್ತಿತ್ತು. ಅವನ್ನು ಕೂಡಿಸುವುದಷ್ಟೇ ಅಬಿಂಗ್ಡನ್ನಿನ ಕೆಲಸ. ಡೆಟ್ರಾಯಿಟಿನಲ್ಲಿದ್ದಂತೆ ಯಂತ್ರದ ಬಲದಿಂದ ಚಲಿಸುವ ಸಾಲು ಅಲ್ಲಿರಲಿಲ್ಲ. ಒಂದು ಹಂತ ಮುಗಿದ ಕಾರನ್ನು ಕೆಲಸಗಾರರು ಕೈಯಿಂದಲೇ ಮುಂದಕ್ಕೆ ತಳ್ಳುತ್ತಿದ್ದರು. ಕಾರ್ಖಾನೆ ಬಾಳಿದ ಅರ್ಧ ಶತಮಾನವೂ ಈ ಪದ್ಧತಿ ಹೆಚ್ಚಾಗಿ ಬದಲಾಗಲಿಲ್ಲ.

1930ರ ದಶಕದ ಪೂರ್ವಾರ್ಧದಲ್ಲಿ ಎಂ. ಜಿ.ಯ ಕೀರ್ತಿ ಯುರೋಪಿನಲ್ಲೆಲ್ಲ ಹಬ್ಬಿತು. 1933ರಲ್ಲಿ ಇಟಲಿಯ ಮಹಾಚಾಲಕ ನುವೊಲಾರಿಯು ಅಲ್‌ಸ್ಟರಿನ ಟೂರಿಸ್ಟ್ ಟ್ರೋಫಿ ಪಂದ್ಯವನ್ನು ಎಂ. ಜಿ.ಯಲ್ಲಿ ಗೆದ್ದನು. ಆದರೆ 1935ರಲ್ಲಿ ನಫೀಲ್ಡನು ಈ ಕಂಪೆನಿಯನ್ನು ತನ್ನ ದೊಡ್ಡ ಸಂಸ್ಥೆಯೊಳಗೆ ವಿಲೀನಗೊಳಿಸಿ, ಪಂದ್ಯಗಳ ವಿಭಾಗವನ್ನೇ ಮುಚ್ಚಿಸಿಬಿಟ್ಟನು. ಯುದ್ಧ ಬಂತು; ಕಾರುಗಳ ತಯಾರಿಕೆ ನಿಂತಿತು. ಕೆಲಸಗಾರರು ಕೈಕಟ್ಟಿ ಕೂರಬಾರದೆಂದು ಕಿಂಬರನು ‘ಆಲ್ಬಮಾರ್ಲ್’ ಎಂಬ ವಿಮಾನದ ಮುಂಭಾಗವನ್ನು ತಯಾರಿಸುವ ಕಂಟ್ರಾಕ್ಟನ್ನು ಮೇಲಿನವರ ಅಪ್ಪಣೆಯಿಲ್ಲದೆ ಹಿಡಿದನು. ಅದೇ ಅಪರಾಧವಾಯಿತು. 1941ರಲ್ಲಿ ಅವನನ್ನು ಕೆಲಸದಿಂದ ತೆಗೆದುಹಾಕಿದರು. 1945ರ ಫೆಬ್ರವರಿ 4ರಂದು ಲಂಡನ್ನಿನ ಕಿಂಗ್ಸ್ ಕ್ರಾಸ್ ನಿಲ್ದಾಣದಲ್ಲಿ ನಡೆದ ರೈಲು ಅಪಘಾತದಲ್ಲಿ ಸತ್ತ ಇಬ್ಬರಲ್ಲಿ ಕಿಂಬರನೊಬ್ಬನು. ರಸ್ತೆಯ ಮೇಲಿನ ಸಂತೋಷಕ್ಕಾಗಿ ಬಾಳನ್ನು ಸವೆಸಿದವನಿಗೆ ಸಾವು ರೈಲಿನ ಡಬ್ಬಿಯಲ್ಲಿ ಕಾದಿತ್ತು. ತಾನು ನೆಟ್ಟ ಗಿಡ ಪ್ರಪಂಚದಲ್ಲೆಲ್ಲ ಹೂಬಿಟ್ಟದ್ದನ್ನು ಅವನು ನೋಡಲಿಲ್ಲ.

ಆ ವರ್ಷವೇ ಯುದ್ಧ ಮುಗಿಯಿತು. ಗೆದ್ದ ಇಂಗ್ಲೆಂಡಿನ ಸ್ಥಿತಿ ಸೋತವನ ಸ್ಥಿತಿಗಿಂತ ಬಹಳ ಮೇಲಾಗಿರಲಿಲ್ಲ. ಬೊಕ್ಕಸ ಬರಿದಾಗಿತ್ತು. 1945ರ ಡಿಸೆಂಬರಿನಲ್ಲಿ ಅದು ಅಮೆರಿಕದಿಂದ 375 ಕೋಟಿ ಡಾಲರುಗಳ ಸಾಲದ ಒಪ್ಪಂದ ಮಾಡಿಕೊಂಡಿತು. ಗೋಧಿಯನ್ನು ಕೊಳ್ಳುವುದಕ್ಕೂ ಡಾಲರು ಬೇಕು. ಡಾಲರು ಬೇಕಾದರೆ ಸರಕು ಮಾರಬೇಕು. ವಾಣಿಜ್ಯಸಚಿವನಾಗಿದ್ದ ಸರ್ ಸ್ಟ್ಯಾಫರ್ಡ್ ಕ್ರಿಪ್ಸನು (1942ರಲ್ಲಿ ಸಂಧಾನಕ್ಕಾಗಿ ನಮ್ಮ ದೇಶಕ್ಕೆ ಬಂದು ಬರಿಗೈಯಲ್ಲಿ ಹಿಂದಿರುಗಿದ ಆ ಕ್ರಿಪ್ಸನೇ) ಮೋಟಾರು ತಯಾರಕರನ್ನು ಕುರಿತು, ತಯಾರಿಸಿದುದರಲ್ಲಿ ಅರ್ಧದಷ್ಟನ್ನಾದರೂ ಪರದೇಶಗಳಿಗೆ ಕಳುಹಿಸಬೇಕೆಂದು ಕಟ್ಟುನಿಟ್ಟಾಗಿ ಹೇಳಿದನು. ಉಕ್ಕು ಸರ್ಕಾರದ ಹಿಡಿತದಲ್ಲಿತ್ತು. ಹೊರಗೆ ಮಾರಿದವನಿಗೆ ಉಕ್ಕು, ಮಾರದವನಿಗೆ ಇಲ್ಲ. ರಫ್ತು ಮಾಡು, ಇಲ್ಲವೆ ಸಾಯಿ ಎಂಬುದೇ ಆ ಕಾಲದ ಮಂತ್ರವಾಯಿತು.

ಈ ಅಭಾವದ ನಡುವೆ 1945ರ ಶರತ್ಕಾಲದಲ್ಲಿ ಅಬಿಂಗ್ಡನ್ನಿನಿಂದ ಎಂ. ಜಿ. ಟಿ. ಸಿ. ಎಂಬ ಕಾರು ಹೊರಬಂತು. ಹೊಸದೆಂದು ಹೇಳುವಂಥದು ಅದರಲ್ಲಿ ಹೆಚ್ಚೇನೂ ಇರಲಿಲ್ಲ. ಯುದ್ಧಕ್ಕೆ ಮುಂಚಿನ ಕಾರನ್ನೇ ಅಲ್ಪಸ್ವಲ್ಪ ಅಗಲಿಸಿ ತಿದ್ದಿದ್ದರು. 1250 ಘನ ಸೆಂಟಿಮೀಟರಿನ, 54 ಅಶ್ವಶಕ್ತಿಯ ಎಂಜಿನ್ನು. ಮರದ ಚೌಕಟ್ಟಿಗೆ ಬಡಿದ ತಗಡಿನ ಮೈ. ಸೈಕಲ್ಲಿನವುಗಳಂತೆ ತೆಳುವಾದ ಕಡ್ಡಿಗಳುಳ್ಳ ಎತ್ತರದ ಚಕ್ರಗಳು. ಮುಂದಕ್ಕೆ ಮಲಗಿಸಬಹುದಾದ ಗಾಳಿಗನ್ನಡಿ. ಗಂಟೆಗೆ 75 ಮೈಲಿ ಮುಟ್ಟಿದರೆ ಹೆಚ್ಚು. ಸ್ಟಿಯರಿಂಗ್ ಚಕ್ರವು ಬಲಗಡೆಗೇ ಇತ್ತು. ರಸ್ತೆಯ ಬಲಬದಿಯಲ್ಲಿ ಸಾಗುವ ಅಮೆರಿಕನ್ನರಿಗೆ ಅದು ತೀರ ಅನನುಕೂಲ. ಇಂಥ ಕಾರನ್ನು ಹೊಳೆಯುವ ಕ್ರೋಮಿಯಂ ತೊಟ್ಟ, ಹಡಗಿನಂತೆ ವಿಶಾಲವಾದ ಕಾರುಗಳ ನಾಡಿನಲ್ಲಿ ಯಾರು ಕೊಂಡಾರು ಎಂದು ಯಾರಾದರೂ ಕೇಳಬಹುದಾಗಿತ್ತು.

ಆದರೆ ಕೊಂಡರು. ಯುದ್ಧಕಾಲದಲ್ಲಿ ಇಂಗ್ಲೆಂಡಿನಲ್ಲಿ ಬೀಡುಬಿಟ್ಟಿದ್ದ ಅಮೆರಿಕದ ಸೈನಿಕರು, ವೈಮಾನಿಕರು ಅಲ್ಲಿನ ಬೇಲಿಸಾಲಿನ ಕಿರುದಾರಿಗಳಲ್ಲಿ ಈ ಪುಟ್ಟ ಕಾರುಗಳ ರುಚಿ ಕಂಡಿದ್ದರು. ಅವರ ದೇಶದ ಕಾರು ಪ್ರಯಾಣಿಕನನ್ನು ಸೋಫಾದ ಮೇಲೆ ಮಲಗಿಸಿ ಒಯ್ಯುತ್ತಿತ್ತು. ಈ ಕಾರು ಅವನನ್ನು ಎಚ್ಚರಿಸುತ್ತಿತ್ತು. ರಸ್ತೆಯ ಪ್ರತಿ ತಿರುವೂ ಕೈಗೆ ತಿಳಿಯುತ್ತಿತ್ತು, ಮುಖಕ್ಕೆ ಗಾಳಿ ಬಡಿಯುತ್ತಿತ್ತು. 1949ರವರೆಗೆ ಸುಮಾರು 10,000 ಟಿ. ಸಿ. ಕಾರುಗಳು ತಯಾರಾದುವು, ಅವುಗಳಲ್ಲಿ ಅಮೆರಿಕಕ್ಕೆ ಹೋದುವು ಸುಮಾರು 2,000 ಮಾತ್ರ. ಸಂಖ್ಯೆಯಲ್ಲಿ ಅಲ್ಪ, ಪರಿಣಾಮದಲ್ಲಿ ಅಪಾರ. 1948ರಲ್ಲಿ ನ್ಯೂಯಾರ್ಕ್ ರಾಜ್ಯದ ವಾಟ್ಕಿನ್ಸ್ ಗ್ಲೆನ್ ಎಂಬಲ್ಲಿ ಊರಬೀದಿಗಳಲ್ಲೇ ನಡೆದ ಮೋಟಾರು ಪಂದ್ಯದಲ್ಲಿ ಎಂ. ಜಿ.ಗಳು ಅನೇಕವಿದ್ದುವು. 1961ರಲ್ಲಿ ಫಾರ್ಮುಲಾ ಒಂದರ ಜಗಜ್ಜೇತನಾದ ಫಿಲ್ ಹಿಲ್ ಪಂದ್ಯದ ಅಕ್ಷರಾಭ್ಯಾಸ ಮಾಡಿದ್ದು ಎಂ. ಜಿ. ಟಿ. ಸಿ.ಯಲ್ಲಿ. ಅಮೆರಿಕದಲ್ಲಿ ಸ್ಪೋರ್ಟ್ಸ್ ಕಾರಿನ ಹವ್ಯಾಸಕ್ಕೆ ತೊಟ್ಟಿಲು ಕಟ್ಟಿದ್ದು ಈ ಬಡ ದೇಶದ ಹಳೆಯ ಮಾದರಿಯ ಕಾರೆಂದರೆ ಅತಿಶಯೋಕ್ತಿಯಾಗದು.

ಇತ್ತ ತಾಯ್ನಾಡಿನಲ್ಲಿ ಏನಾಗಿತ್ತು? ಪೆಟ್ರೋಲಿಗೆ ರೇಷನ್ನು; ಅದು ತೊಲಗಿದ್ದು 1950ರ ಮೇ ತಿಂಗಳಲ್ಲಿ. ಹೊಸ ಕಾರು ಬೇಕೆಂದವನು ವರ್ಷಗಟ್ಟಲೆ ಕಾಯಬೇಕು. ಅಬಿಂಗ್ಡನ್ನಿನ ಕೆಲಸಗಾರನು ದಿನವಿಡೀ ಕೈಯಿಂದ ತಳ್ಳಿ ಮುಗಿಸಿದ ಕಾರು ಹಡಗು ಹತ್ತಿ ಹೋಗುತ್ತಿತ್ತು. ನಮ್ಮ ಮಲೆನಾಡಿನ ಬೆಳೆಗಾರನು ಒಳ್ಳೆಯ ಕಾಫಿಬೀಜವನ್ನು ಪರದೇಶಕ್ಕೆ ಕಳುಹಿಸಿ, ಉಳಿದ ಪುಡಿಬೀಜವನ್ನು ಮನೆಯಲ್ಲಿ ಹುರಿದುಕೊಂಡಂತೆ ಎನ್ನಬಹುದು. 1949ರಲ್ಲಿ ಬಂದ ಟಿ. ಡಿ. ಮಾದರಿ ಪರದೇಶದವರ ಅನುಕೂಲಕ್ಕೆ ಎಡಗಡೆಯ ಸ್ಟಿಯರಿಂಗನ್ನೂ, ಮೆತ್ತಗಿನ ಸ್ಪ್ರಿಂಗುಗಳನ್ನೂ, ಚಿಕ್ಕ ಚಕ್ರಗಳನ್ನೂ ಪಡೆಯಿತು. ನಾಲ್ಕು ವರ್ಷಗಳಲ್ಲಿ ತಯಾರಾದ ಸುಮಾರು 30,000 ಟಿ. ಡಿ.ಗಳಲ್ಲಿ ಮುಕ್ಕಾಲು ಪಾಲಿಗಿಂತ ಹೆಚ್ಚು ಅಮೆರಿಕಕ್ಕೇ ಹೋದುವು. ಕೊಳ್ಳುವವನ ಕೈ ಮಾಡುವವನ ಕೈಯನ್ನು ಹಿಡಿದು ನಡೆಸುವುದಕ್ಕೆ ಆರಂಭವಾಗಿತ್ತು. ಆಗ ಅದು ಒಳ್ಳೆಯದಾಗಿಯೇ ಕಂಡಿತು.

1952ರಲ್ಲಿ ನಫೀಲ್ಡನ ಸಂಸ್ಥೆಯೂ ಅದರ ಪ್ರತಿಸ್ಪರ್ಧಿಯಾದ ಆಸ್ಟಿನ್ ಸಂಸ್ಥೆಯೂ ಕೂಡಿ ಬ್ರಿಟಿಷ್ ಮೋಟಾರ್ ಕಾರ್ಪೊರೇಷನ್ ಆಯಿತು. ಅಬಿಂಗ್ಡನ್ನಿನ ಶಿಲ್ಪಿ ಸಿಡ್ ಎನೆವರನು ಆ ವೇಳೆಗೆ ನುಣುಪಾದ ಮೈಯ ಹೊಸ ಕಾರೊಂದನ್ನು ರೂಪಿಸಿ ಒಪ್ಪಿಗೆಗಾಗಿ ಮುಂದಿಟ್ಟಿದ್ದನು. ಆದರೆ ಸಂಸ್ಥೆಯ ಅಧಿಪತಿ ಲೆನರ್ಡ್ ಲಾರ್ಡನು ಅದಕ್ಕೆ ಸ್ವಲ್ಪವೇ ಮುಂಚೆ ಡೊನಾಲ್ಡ್ ಹೀಲಿಯೊಡನೆ ಆಸ್ಟಿನ್-ಹೀಲಿ ಎಂಬ ಬೇರೊಂದು ಸ್ಪೋರ್ಟ್ಸ್ ಕಾರಿಗೆ ಒಪ್ಪಂದ ಮಾಡಿಕೊಂಡಿದ್ದನಾಗಿ, ಎನೆವರನ ಯೋಜನೆಯನ್ನು ಬದಿಗಿಟ್ಟನು. ಹಳೆಯ ಮಾದರಿಯ ಮಾರಾಟ ಕುಸಿದ ಮೇಲೆಯೇ ಅವನ ಮನಸ್ಸು ಕರಗಿದ್ದು. 1955ರಲ್ಲಿ ಆ ಕಾರು ಎಂ. ಜಿ. ಎ. ಎಂಬ ಹೆಸರಿನಿಂದ ಬಂತು. ಏಳು ವರ್ಷಗಳಲ್ಲಿ ಒಂದು ಲಕ್ಷಕ್ಕೂ ಮಿಕ್ಕು ಎಂ. ಜಿ. ಎ. ಕಾರುಗಳು ತಯಾರಾದುವು, ಅವುಗಳಲ್ಲಿ ನೂರಕ್ಕೆ ತೊಂಬತ್ತಕ್ಕಿಂತ ಹೆಚ್ಚು ಹೊರನಾಡುಗಳ ಪಾಲಾದುವು.

ಈ ಎಂ. ಜಿ. ಎ.ಯ ಎಂಜಿನ್ನಿನ ವಿಷಯ ನಮಗೆ ಕುತೂಹಲಕರವಾದುದು. 1489 ಘನ ಸೆಂಟಿಮೀಟರಿನ ಆ ಎಂಜಿನ್ನು ಸಂಸ್ಥೆಯ ಸಾಧಾರಣ ಕಾರುಗಳಿಗೆಲ್ಲ ಹಾಕುತ್ತಿದ್ದಂಥದು. ಅದೇ ಕುಲದ, ಅದೇ ಅಳತೆಯ ಎಂಜಿನ್ನು 1950ರ ದಶಕದ ಕೊನೆಯಿಂದ ಹಲವು ದಶಕಗಳ ಕಾಲ ನಮ್ಮ ಹಿಂದೂಸ್ಥಾನ್ ಅಂಬಾಸಡರ್ ಕಾರನ್ನು ಎಳೆಯಿತು; ಅಂಬಾಸಡರ್ ಎಂಬುದೇ ಮಾರಿಸ್ ಆಕ್ಸ್‌ಫರ್ಡ್ ಕಾರಿನ ಭಾರತೀಯ ಅವತಾರವಷ್ಟೆ. ಡೆಪ್ಯುಟಿ ಕಮಿಷನರರ ಕಚೇರಿಯ ಮುಂದೆ ನಿಂತಿದ್ದ, ಮದುವೆಯ ದಿಬ್ಬಣದಲ್ಲಿ ಹೂವು ಮುಡಿದಿದ್ದ, ಬಾಡಿಗೆಗೆ ಹತ್ತು ಜನರನ್ನು ತುಂಬಿಕೊಂಡು ಓಡಿದ ಆ ಕಾರಿನೊಳಗೆ ಮಿಡಿಯುತ್ತಿದ್ದುದು ಕ್ಯಾಲಿಫೋರ್ನಿಯದ ಸಮುದ್ರತೀರದಲ್ಲಿ ಯುವಕರು ಮೆರೆಸಿದ ಕಾರಿನ ದಾಯಾದಿ ಹೃದಯ. ಅಂಬಾಸಡರಿನಲ್ಲಿ ಕುಳಿತು ಶಿರಾಡಿ ಘಾಟಿಯನ್ನು ಹತ್ತಿದ ದಿನಗಳಲ್ಲಿ ಏರಿನಲ್ಲಿ ಅದು ಏದುಸಿರು ಬಿಡುವುದನ್ನು ನಾನೂ ಕೇಳಿದ್ದೇನೆ. ಎಂ. ಜಿ.ಯಲ್ಲಿ ಅದಕ್ಕೆ ಎರಡು ಕಾರ್ಬುರೇಟರುಗಳನ್ನು ಜೋಡಿಸಿ, ಹೊರುವ ಭಾರವನ್ನು ಕಡಿಮೆಮಾಡಿದ್ದರು. ಎತ್ತು ಒಂದೇ, ಗಾಡಿ ಬೇರೆ. ಅಪೂರ್ವ ಸಾಮಗ್ರಿಯಿಂದ ಅಪೂರ್ವ ವಸ್ತುವನ್ನು ಮಾಡುವುದು ಹಣವಿದ್ದವರ ಕೆಲಸ. ಎಲ್ಲರ ಮನೆಯಲ್ಲಿರುವ ಅಕ್ಕಿಬೇಳೆಯಿಂದಲೇ ಹಬ್ಬದಡಿಗೆ ಮಾಡುವುದು ಕೈಗುಣ. ಅಬಿಂಗ್ಡನ್ನಿಗೆ ಈ ಕೈಗುಣವಿತ್ತು.

1962ರ ಸೆಪ್ಟೆಂಬರಿನಲ್ಲಿ ಎಂ. ಜಿ. ಬಿ. ಬಂತು. ಚಾಸಿ ಬೇರೆ, ಮೈ ಬೇರೆ ಎಂಬ ಹಳೆಯ ಪದ್ಧತಿಯನ್ನು ಬಿಟ್ಟು ಇಡೀ ಮೈಯನ್ನೇ ಒಂದು ಗಟ್ಟಿಯಾದ ಉಕ್ಕಿನ ಚಿಪ್ಪಾಗಿ ಎನೆವರನು ರೂಪಿಸಿದ್ದನು. ಅದೇ ಕುಲದ ಎಂಜಿನ್ನನ್ನು 1798 ಘನ ಸೆಂಟಿಮೀಟರಿಗೆ ಹಿಗ್ಗಿಸಿದ್ದರು; ಗಂಟೆಗೆ 100 ಮೈಲಿಯ ಗೆರೆಯನ್ನು ಅದು ದಾಟುತ್ತಿತ್ತು. ಬಾಗಿಲಿಗೆ ಏರಿಳಿಸಬಹುದಾದ ಗಾಜು ಬಂತು. ಕಾಲು ಚಾಚಲು ಜಾಗ ಬಂತು. 1965ರಲ್ಲಿ ಗಟ್ಟಿ ಮಾಡಿನ ಜಿ. ಟಿ. ಎಂಬ ಸೋದರನೂ ಹುಟ್ಟಿದನು. ಅದರ ಮಾಡಿನ ರೇಖೆಯನ್ನು ತಿದ್ದಿಕೊಟ್ಟವರು ಇಟಲಿಯ ಪಿನಿನ್‌ಫರೀನಾ ಸಂಸ್ಥೆಯವರು. ಉಪಾಧ್ಯಾಯನೂ ದಾದಿಯೂ ಗುಮಾಸ್ತನೂ ಕೊಳ್ಳಬಹುದಾದ, ಬೀದಿಯ ಬದಿಯ ಸಾಧಾರಣ ಮೆಕ್ಯಾನಿಕ್ಕನು ರಿಪೇರಿ ಮಾಡಬಹುದಾದ ಈ ಕಾರು 18 ವರ್ಷಗಳ ಕಾಲ ನಡೆಯಿತು. ಒಟ್ಟು ತಯಾರಾದ ಸಂಖ್ಯೆ 5 ಲಕ್ಷವನ್ನು ದಾಟಿತು. ಅಷ್ಟು ಸಂಖ್ಯೆಯ ಸ್ಪೋರ್ಟ್ಸ್ ಕಾರನ್ನು ಬ್ರಿಟನ್ನಿನ ಬೇರಾವ ಕಾರ್ಖಾನೆಯೂ ಆವರೆಗೆ ಮಾಡಿರಲಿಲ್ಲ.

ಆದರೆ ಯಾರನ್ನು ನಂಬಿ ಬದುಕುತ್ತೇವೆಯೋ ಅವರ ಮನೆಯ ಕಟ್ಟಳೆ ನಮಗೂ ಕಟ್ಟಳೆಯೇ. 1968ರಿಂದ ಅಮೆರಿಕ ಸರ್ಕಾರವು ಕಾರುಗಳ ಸುರಕ್ಷತೆ ಮತ್ತು ಹೊಗೆಯ ವಿಷಯದಲ್ಲಿ ಹೊಸ ನಿಯಮಗಳನ್ನು ಜಾರಿಗೆ ತಂದಿತು. ನಿಯಮಗಳು ನ್ಯಾಯವಾದುವೇ, ಅವುಗಳಿಂದ ಪ್ರಾಣಗಳು ಉಳಿದಿವೆ, ಗಾಳಿ ತಿಳಿಯಾಗಿದೆ. ಆದರೆ ಹೊಸ ಕಾರನ್ನು ರೂಪಿಸಿ ಅವನ್ನು ಪಾಲಿಸುವಷ್ಟು ಹಣವನ್ನು ಅಬಿಂಗ್ಡನ್ನಿಗೆ ಕೊಡುವವರಿರಲಿಲ್ಲ. ಅದೇ 1968ರಲ್ಲಿ ಎಂ. ಜಿ.ಯು ಬ್ರಿಟಿಷ್ ಲೇಲ್ಯಾಂಡ್ ಎಂಬ ಇನ್ನೂ ದೊಡ್ಡ ಸಂಸ್ಥೆಯ ಹೊಟ್ಟೆಯೊಳಗೆ ಸೇರಿತ್ತು. ಅಲ್ಲಿ ಟ್ರಯಂಫ್ ಎಂಬ ಹಳೆಯ ಪ್ರತಿಸ್ಪರ್ಧಿಯೇ ಈಗ ಮನೆಯ ಸವತಿ. ಹೊಸ ಸ್ಪೋರ್ಟ್ಸ್ ಕಾರಿನ ಹಣ ಟ್ರಯಂಫಿಗೆ ಹೋಯಿತು. ಎಂ. ಜಿ. ಬಿ.ಗೆ ತೇಪೆ ಹಾಕಿದರು. 1974ರಲ್ಲಿ ಹೊಳೆಯುವ ಕ್ರೋಮಿಯಂ ಬಂಪರನ್ನು ತೆಗೆದು ದಪ್ಪನೆಯ ಕರಿಯ ರಬ್ಬರಿನ ಬಂಪರನ್ನು ಕೂರಿಸಿದರು. ಬಂಪರು ನಿಯಮಿತ ಎತ್ತರದಲ್ಲಿರಬೇಕೆಂದು ಇಡೀ ಕಾರನ್ನು ಸುಮಾರು ಒಂದೂವರೆ ಅಂಗುಲ ಮೇಲೆತ್ತಿದರು. ನೆಲವನ್ನು ಅಪ್ಪಿ ಓಡುತ್ತಿದ್ದ ಕಾರು ತಿರುವುಗಳಲ್ಲಿ ಹೊಯ್ದಾಡತೊಡಗಿತು. ಅಮೆರಿಕಕ್ಕೆ ಹೋಗುವ ಕಾರುಗಳಲ್ಲಿ ಎರಡು ಕಾರ್ಬುರೇಟರುಗಳಿಗೆ ಬದಲಾಗಿ ಒಂದೇ ಒಂದು ಉಳಿಯಿತು. ಮೊದಲು 95 ಇದ್ದ ಅಶ್ವಶಕ್ತಿ ಅರವತ್ತರ ಆಜುಬಾಜಿಗೆ ಇಳಿಯಿತು. ಆದರೂ ಜನ ಕೊಳ್ಳುತ್ತಲೇ ಇದ್ದರು. ಹಾಡು ಮರೆತ ಮುದಿ ಗಾಯಕನಿಗೂ ಹಳೆಯ ಅಭಿಮಾನಿಗಳು ಚಪ್ಪಾಳೆ ತಟ್ಟುವುದುಂಟಲ್ಲವೆ?

1970ರ ದಶಕದ ಅಂತ್ಯದಲ್ಲಿ ಉತ್ತರ ಸಮುದ್ರದ ಎಣ್ಣೆಯಿಂದಲೂ ಹೆಚ್ಚಿನ ಬಡ್ಡಿಯ ದರದಿಂದಲೂ ಪೌಂಡಿನ ಬೆಲೆ ಡಾಲರಿನೆದುರು ಏರಿತು. ಪೌಂಡಿನಲ್ಲಿ ಸಂಬಳ ಕೊಟ್ಟು ಡಾಲರಿನಲ್ಲಿ ಬೆಲೆ ಪಡೆಯುವವನಿಗೆ ಇದಕ್ಕಿಂತ ಕೇಡಿಲ್ಲ. ಅಮೆರಿಕದಲ್ಲಿ ಮಾರಿದ ಪ್ರತಿ ಕಾರಿನ ಮೇಲೂ ನಷ್ಟವಾಗುತ್ತಿದೆಯೆಂದು ಸಂಸ್ಥೆಯ ಆಡಳಿತದವರು ಲೆಕ್ಕ ತೋರಿಸಿದರು. ಒಂದು ಕಾಲದಲ್ಲಿ ಡಾಲರಿಗಾಗಿಯೇ ಸಾಗರ ದಾಟಿಸಿದ ಕಾರನ್ನು ಈಗ ಅದೇ ಡಾಲರಿನ ಲೆಕ್ಕ ಮುಳುಗಿಸಿತು. 1979ರ ಸೆಪ್ಟೆಂಬರಿನಲ್ಲಿ ಅಬಿಂಗ್ಡನ್ನಿನ ಜನರು ತಮ್ಮೂರಿಗೆ ಎಂ. ಜಿ. ಬಂದ 50ನೆಯ ವರ್ಷದ ಉತ್ಸವವನ್ನು ಆಚರಿಸಿದರು. ಉತ್ಸವದ ಸಡಗರ ಇನ್ನೂ ಆರದಿರುವಾಗಲೇ, 10ನೆಯ ತಾರೀಖು ಸೋಮವಾರ, ಕಾರ್ಖಾನೆಯನ್ನು ಮುಚ್ಚುವ ತೀರ್ಮಾನ ಪ್ರಕಟವಾಯಿತು. ಕಾರಿನ ಒಡೆಯರು ಮೆರವಣಿಗೆ ಹೊರಟು ಲಂಡನ್ನಿನಲ್ಲಿ ಪ್ರತಿಭಟಿಸಿದರು. ಆಸ್ಟನ್ ಮಾರ್ಟಿನ್ ಕಂಪೆನಿಯ ಮುಖ್ಯಸ್ಥನ ನೇತೃತ್ವದ ಗುಂಪೊಂದು ಕಾರ್ಖಾನೆಯನ್ನು ಕೊಳ್ಳಲು ಪ್ರಯತ್ನಿಸಿ ಹಣ ಒದಗದೆ ಹಿಂದೆಗೆಯಿತು. 1980ರ ಅಕ್ಟೋಬರಿನಲ್ಲಿ ಕೊನೆಯ ಕಾರು ಹೊರಬಂದ ಮೇಲೆ ಬಾಗಿಲು ಮುಚ್ಚಿತು. ಸಾವಿರಕ್ಕೂ ಮಿಕ್ಕ ಜನರ ಕೆಲಸ ಹೋಯಿತು.

ಮುಚ್ಚಿದ್ದು ತಪ್ಪೇ ಎಂದು ಕೇಳಿದರೆ ನಾನು ಸುಲಭವಾದ ಉತ್ತರ ಕೊಡಲಾರೆ. ನಷ್ಟದಲ್ಲಿ ನಡೆಯುವ ಕಾರ್ಖಾನೆಯನ್ನು ಪ್ರೀತಿಯೊಂದರಿಂದಲೇ ಸಾಕಲಾಗದು. 1975ರಲ್ಲಿ ಆ ದೊಡ್ಡ ಸಂಸ್ಥೆಯನ್ನೇ ಸರ್ಕಾರ ವಹಿಸಿಕೊಂಡಿದ್ದರಿಂದ ಆ ನಷ್ಟ ತೆರಿಗೆ ಕೊಡುವವನ ತಲೆಯ ಮೇಲೆ ಬೀಳುತ್ತಿತ್ತು. ಆದರೆ ಲೆಕ್ಕದ ಪುಸ್ತಕದಲ್ಲಿ ಒಂದು ಕಾಲಮ್ಮು ಬಿಟ್ಟುಹೋಗಿತ್ತೆಂದು ಮಾತ್ರ ಹೇಳಬಲ್ಲೆ. ಜನ ಈ ಬಗೆಯ ಕಾರನ್ನು ಬಯಸುವುದನ್ನು ಬಿಟ್ಟಿರಲಿಲ್ಲ. 1989ರಲ್ಲಿ ಜಪಾನಿನ ಮಾಜ್ದಾ ಸಂಸ್ಥೆ ಹಳೆಯ ಬ್ರಿಟಿಷ್ ಕಾರುಗಳನ್ನು ಚೆನ್ನಾಗಿ ಅಭ್ಯಾಸಮಾಡಿ, ಎರಡು ಆಸನದ, ಬಟ್ಟೆಯ ಮಾಡಿನ ಹಗುರವಾದ ಎಂ. ಎಕ್ಸ್. 5 ಎಂಬ ಕಾರನ್ನು ತಂದಿತು. ಎಣ್ಣೆ ಸೋರದ, ಮಳೆಯಲ್ಲಿ ನಿಂತುಹೋಗದ ಎಂ. ಜಿ. ಎಂದರೆ ಅದೇ. 2000ದಲ್ಲಿ ಅದು ಎಂ. ಜಿ. ಬಿ.ಯ ಮಾರಾಟದ ದಾಖಲೆಯನ್ನು ಮುರಿಯಿತು. ಯಾವ ಬೀಜವನ್ನು ಒಣಗಿತೆಂದು ಬಿಸುಟಿದ್ದರೋ ಅದು ನೆರೆಯವನ ಹಿತ್ತಲಲ್ಲಿ ಮೊಳೆತಿತ್ತು.

ಎಂ. ಜಿ. ಎಂಬ ಹೆಸರು ಮಾತ್ರ ಕೈಯಿಂದ ಕೈಗೆ ಸಾಗಿತು. 1982ರಲ್ಲಿ ಮೆಟ್ರೊ ಎಂಬ ಸಂಸಾರಸ್ಥರ ಕಾರಿಗೆ ಅದನ್ನು ಅಂಟಿಸಿದರು. 2005ರಲ್ಲಿ ರೋವರ್ ಸಂಸ್ಥೆ ದಿವಾಳಿಯಾದಾಗ ಚೀನಾದ ನಾನ್‌ಜಿಂಗ್ ಕಂಪೆನಿ ಆ ಹೆಸರನ್ನು ಕೊಂಡಿತು. ಮುಂದೆ ಅದು ಶಾಂಘೈಯ ಸಂಸ್ಥೆಯ ವಶವಾಯಿತು. 2019ರಿಂದ ಗುಜರಾತಿನ ಹಾಲೋಲಿನಲ್ಲಿ ತಯಾರಾದ ಎಂ. ಜಿ. ಕಾರುಗಳು ಬೆಂಗಳೂರಿನ ಬೀದಿಗಳಲ್ಲೂ ಓಡುತ್ತಿವೆ. ಅವುಗಳ ಮೂತಿಯ ಮೇಲೆ ಅದೇ ಅಷ್ಟಕೋನ, ಅದೇ ಎರಡಕ್ಷರ. ಅವು ಒಳ್ಳೆಯ ಕಾರುಗಳಿರಬಹುದು. ಆದರೆ ಆ ಅಕ್ಷರಗಳು ಆಕ್ಸ್‌ಫರ್ಡಿನ ಒಂದು ದುರಸ್ತಿಯ ಮಳಿಗೆಯ ಹೆಸರೆಂದು ಅವನ್ನು ಓಡಿಸುವವರಲ್ಲಿ ಎಷ್ಟು ಜನಕ್ಕೆ ತಿಳಿದೀತು?

ಹೆಸರಿಗಿಂತ ಗಟ್ಟಿಯಾಗಿ ಉಳಿದದ್ದು ಬೇರೊಂದಿದೆ. ಎಂ. ಜಿ. ಬಿ.ಯ ಮೈಯನ್ನು ಒತ್ತಿ ತೆಗೆಯುತ್ತಿದ್ದ ಹಳೆಯ ಅಚ್ಚುಗಳನ್ನು ಹುಡುಕಿ ಕೂಡಿಹಾಕಿ, 1988ರಿಂದ ಬ್ರಿಟಿಷ್ ಮೋಟಾರ್ ಹೆರಿಟೇಜ್ ಎಂಬ ಸಂಸ್ಥೆಯು ಅದರ ಹೊಸ ಚಿಪ್ಪುಗಳನ್ನು ಮತ್ತೆ ತಯಾರಿಸತೊಡಗಿತು. ತುಕ್ಕು ತಿಂದ ಮುದಿ ಕಾರಿನ ಎಂಜಿನ್ನನ್ನೂ ಚಕ್ರಗಳನ್ನೂ ಬಿಚ್ಚಿ ಹೊಸ ಮೈಗೆ ಕೂಡಿಸುವ ಕೆಲಸವನ್ನು ಸಾವಿರಾರು ಜನ ತಮ್ಮ ಮನೆಯ ಕೊಟ್ಟಿಗೆಗಳಲ್ಲಿ, ರಜೆಯ ದಿನಗಳಲ್ಲಿ, ಯಾರ ಒತ್ತಾಯವೂ ಇಲ್ಲದೆ ಮಾಡಿದ್ದಾರೆ. ಬಿಡಿಭಾಗಗಳನ್ನು ತಂದು ಕೈಯಿಂದ ಕೂಡಿಸುವುದು. ಅಬಿಂಗ್ಡನ್ನಿನ ಕಾರ್ಖಾನೆ ಮಾಡುತ್ತಿದ್ದುದೂ ಅಷ್ಟೇ ಅಲ್ಲವೆ?

ಇಂಗ್ಲೆಂಡು 1945ರಲ್ಲಿ ಎತ್ತಿದ ಆ ಸಾಲದ ಕೊನೆಯ ಕಂತು ಸಂದಾಯವಾದದ್ದು 2006ರ ಡಿಸೆಂಬರಿನಲ್ಲಿ. ಆ ವೇಳೆಗೆ ಅಬಿಂಗ್ಡನ್ನಿನ ಬಾಗಿಲು ಮುಚ್ಚಿ 26 ವರ್ಷಗಳು ಸಂದಿದ್ದುವು. ಸಾಲಕ್ಕೆ ದುಡಿದ ಕಾರುಗಳು ಮಾತ್ರ ಸಾಗರದ ಎರಡು ದಂಡೆಗಳಲ್ಲೂ ಬಿಸಿಲು ಬಂದ ಭಾನುವಾರಗಳಲ್ಲಿ ಮಾಡು ಮಡಿಚಿಕೊಂಡು, ಯಾರಿಗೂ ಏನನ್ನೂ ತೀರಿಸಬೇಕಾದ ಹೊರೆಯಿಲ್ಲದೆ, ಇನ್ನೂ ರಸ್ತೆಗೆ ಇಳಿಯುತ್ತಿವೆ.